ತೂತಿನ ಸೆಂಟ್

ನೇಪರ್‌ವಿಲ್, ಇಲಿನಾಯ್
ನವೆಂಬರ್ 22, 2025

ಮಾವನವರಿಗೆ ಲತಾಶ್ರೀಯ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ, ಎಲ್ಲರೂ ಚೆನ್ನಾಗಿದ್ದೇವೆ. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಸ್ಟರ್ಲಿಂಗ್ ಹೈಟ್ಸಿನ ಪ್ರೆಸ್ ಶಾಪಿನಲ್ಲಿ ಅಷ್ಟು ವರ್ಷ ಕಾರಿನ ಬಾಗಿಲು ಒತ್ತಿಸಿದ ಕಿವಿ ಅದು. ಮೆಸೇಜ್ ಮಾಡಿದರೆ ಎತ್ತಿದ ಹೆಬ್ಬೆರಳಿನ ಚಿತ್ರವೊಂದು ವಾಪಸ್ ಬರುತ್ತದೆ, ಮುಗಿಯಿತು. ಅದಕ್ಕೇ ಪೆನ್ನು ಹಿಡಿದೆ. ಕನ್ನಡದಲ್ಲಿ ಬರೆದು ಎಷ್ಟು ಕಾಲವಾಯಿತೋ, ಒತ್ತಕ್ಷರ ತಪ್ಪಿದ್ದರೆ ನಗಬೇಡಿ.

ವಿಷಯ ಸಿಯಾಳದು. ಈ ತಿಂಗಳು ಸರ್ಕಾರ ಒಂದು ಸೆಂಟಿನ ಪೆನ್ನಿ ನಾಣ್ಯ ಒತ್ತುವುದನ್ನು ನಿಲ್ಲಿಸಿತಲ್ಲ, ಅವಳ ನಾಲ್ಕನೇ ಕ್ಲಾಸಿನ ಟೀಚರ್ ಅದರ ಮೇಲೊಂದು ಪ್ರದರ್ಶನ ಇಟ್ಟಿದ್ದಾರೆ. ನಿಮ್ಮ ಮೊಮ್ಮಗಳು ಎದ್ದು ನಿಂತು, “ಮೈ ಅಜ್ಜ ಹ್ಯಾಸ್ ದಿ ಓಲ್ಡೆಸ್ಟ್ ಪೆನ್ನೀಸ್!” ಎಂದು ಸಾರಿ ಬಂದಿದ್ದಾಳೆ. ಈಗ ಒಂದನ್ನಾದರೂ ತೋರಿಸದಿದ್ದರೆ ಅವಳ ಮಾನ ಹೋಗುತ್ತದಂತೆ. ನಿಮ್ಮ ಹಳೆಯ ತಾಮ್ರದ ಸೆಂಟುಗಳಲ್ಲಿ ಒಂದನ್ನು ಕೆಲವು ವಾರಕ್ಕೆ ಕಳಿಸಲಾದೀತೇ?

ನಾನು ಬರೆಯುತ್ತಿರುವುದು ವೀರೇಶ್ ಅವರಿಗೆ ತಿಳಿಯದು. ಅತ್ತೆ ತೀರಿಕೊಂಡ ಮೇಲೆ ನಾರ್ತ್‌ವಿಲ್ ಮನೆಯಲ್ಲಿ ನಿಮ್ಮಿಬ್ಬರ ನಡುವೆ ನಡೆದದ್ದು ನನಗೆ ಅರ್ಧ ಮಾತ್ರ ಗೊತ್ತು. ಎರಡು ವರ್ಷವಾಯಿತು, ತಂದೆ ಮಗ ಒಂದು ಮಾತಿಲ್ಲ. ಯಾರು ಸರಿ ಎಂದು ನಾನು ಕೇಳುವುದಿಲ್ಲ. ಸಿಯಾಳ ಕಾರಣಕ್ಕೆ ಒಂದು ನಾಣ್ಯ ಕೇಳುತ್ತಿದ್ದೇನೆ, ಅಷ್ಟೇ ಎಂದುಕೊಳ್ಳಿ.

ನಿಮ್ಮ ಸೊಸೆ,
ಲತಾಶ್ರೀ


ನಾರ್ತ್‌ವಿಲ್, ಮಿಷಿಗನ್
ಡಿಸೆಂಬರ್ 3, 2025

ಲತಾಶ್ರೀಗೆ ಆಶೀರ್ವಾದ.

ಒತ್ತಕ್ಷರ ನಾಲ್ಕು ಕಡೆ ತಪ್ಪಿದೆ, ನಕ್ಕಿದ್ದೇನೆ.

ಇದರ ಜೊತೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತಿರುವುದು 1794ರ ಸೆಂಟ್. ಇವತ್ತಿನ ಸೆಂಟಿಗಿಂತ ಬಹಳ ದೊಡ್ಡದು, ಅಪ್ಪಟ ತಾಮ್ರ. ಮುಖದ ಮೇಲೆ ಕೂದಲು ಬಿಚ್ಚಿದ ಹೆಣ್ಣು, ಹೆಗಲಿಗೆ ಕೋಲು, ಕೋಲಿನ ತುದಿಗೆ ಟೋಪಿ. ತಲೆಯ ಮೇಲೊಂದು ತೂತು. ಯಾರೋ ಯಾವ ಕಾಲದಲ್ಲೋ ದಾರ ಪೋಣಿಸಿ ಕೊರಳಿಗೆ ಕಟ್ಟಿಕೊಂಡಿದ್ದಾರೆ. ಹಿಂದೆ ಚಾಕುವಿನಿಂದ ಗೀರಿದ ಎರಡು ಗೆರೆ.

ತೂತು ಬಿದ್ದದ್ದನ್ನೇ ಕಳಿಸಿದನಲ್ಲ ಮುದುಕ ಎಂದುಕೊಳ್ಳಬೇಡ. ನನ್ನ ಹತ್ತಿರ ಇರುವುದೆಲ್ಲ ಇಂಥವೇ. ಚೆನ್ನಾಗಿರುವ ನಾಣ್ಯಕ್ಕೆ ಹೇಳಲು ಏನೂ ಇರುವುದಿಲ್ಲ, ಯಾರದೋ ಪೆಟ್ಟಿಗೆಯಲ್ಲಿ ಮಲಗಿತ್ತು, ಅಷ್ಟೆ. ನಾಣ್ಯ ಕೂಡಿಡುವ ನಾವು ಗ್ರೇಡ್ ಹೇಗೆ ಕೊಡುತ್ತೇವೆಂದು ಸಿಯಾಳಿಗೆ ಹೇಳು. ಮೊದಲು ಗಾಯಗಳಿಗೆ ಕಣ್ಣು ಮುಚ್ಚಿ, ಅಚ್ಚು ಎಷ್ಟು ಉಳಿದಿದೆ ಎಂದು ಮಾತ್ರ ನೋಡಬೇಕು. ಕೂದಲಿನ ಎಳೆ ಕಾಣುತ್ತದೆಯೇ, ಇಸವಿ ಓದಲು ಬರುತ್ತದೆಯೇ. ಎಪ್ಪತ್ತು ಅಂಕಕ್ಕೆ ಇದಕ್ಕೆ ಹದಿನೈದು. ಆಮೇಲೆ ಗಾಯಕ್ಕೆ ಕಳೆಯಬೇಕು. ತೂತಿಗೆ ಇಷ್ಟು, ಗೀರಿಗೆ ಇಷ್ಟು. ಕಳೆದು ಉಳಿದದ್ದು ಆರು. ಎರಡನ್ನೂ ಬರೆಯಬೇಕು. ಏನಿತ್ತು, ಏನಾಯಿತು, ಎರಡೂ.

ಡೈ ಎಂಜಿನಿಯರ್ ಆಗಿದ್ದವನಿಗೆ ಇದರಲ್ಲಿ ಇನ್ನೂ ಒಂದು ಸುಖ. ಟೋಪಿಯ ಪಕ್ಕ ಕೂದಲೆಳೆಯಷ್ಟು ಉಬ್ಬಿದ ಗೆರೆ ಇದೆ ನೋಡು, ಅದು ನಾಣ್ಯ ಒತ್ತುವ ಉಕ್ಕಿನ ಅಚ್ಚು, ಡೈ, ಬಿರುಕು ಬಿಟ್ಟ ಗುರುತು. ಬಿರುಕು ಬಿಟ್ಟ ಡೈಯಲ್ಲೇ ಅವರು ಒತ್ತುತ್ತಾ ಹೋದರು. ನಮ್ಮ ಶಾಪಿನಲ್ಲಿ ಹಾಗೆ ಮಾಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಅಂಚು ಹಿಡಿದು ಎತ್ತಬೇಕು. ನೀರು, ಎಣ್ಣೆ, ಬಟ್ಟೆ, ಯಾವುದೂ ಸೋಕಬಾರದು. ಆ ಕಂದು ಬಣ್ಣ ಕೊಳೆಯಲ್ಲ, ಅದರ ಚರ್ಮ. ತೂತು, ಗೀರು, ಸವಕಳಿ ಎಲ್ಲಕ್ಕೂ ನಮ್ಮಲ್ಲಿ ಕ್ಷಮೆ ಉಂಟು. ಉಜ್ಜಿ ತೊಳೆದದ್ದನ್ನು ಅಸಹ್ಯಪಟ್ಟುಕೊಂಡಾದರೂ ಇಟ್ಟುಕೊಳ್ಳುತ್ತೇವೆ. ತೊಳೆದು ಆಮೇಲೆ ಮುಚ್ಚಿಡಲು ಬಣ್ಣ ಕಟ್ಟುತ್ತಾರೆ ನೋಡು, ಅಂಥವರನ್ನು ನಾನು ಮನೆಯೊಳಗೆ ಸೇರಿಸುವುದಿಲ್ಲ.

ಇದನ್ನು ಕೊಂಡವಳು ನಿನ್ನ ಅತ್ತೆ. ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಲ್ಲಿ ಗುಂಡಿಗಳ ಡಬ್ಬಿಯೊಳಗೆ ಸಿಕ್ಕಿತು. “ತೂತ್ ಐತಿ, ಯಾರೋ ಕೊಳ್ಳಾಗ ಹಾಕ್ಕೊಂಡಿದ್ರು ಪಾಪ, ತಗೊಳ್ರಿ” ಎಂದಳು. ನನ್ನ ಹುಚ್ಚು ಶುರುವಾದದ್ದೇ ಅಲ್ಲಿಂದ. ವೀರೇಶನಿಗೆ ಇದರ ಗುರುತು ಇದೆ. ತೋರಿಸಬೇಕೆನಿಸಿದರೆ ತೋರಿಸು.

ಮಾರ್ಚ್ ಹದಿನಾಲ್ಕಕ್ಕೆ ಲಿವೋನಿಯಾದಲ್ಲಿ ನಮ್ಮ ತಾಮ್ರದ ಕಾಸಿನವರ ಕೂಟ. ಗಾಯಗೊಂಡ ನಾಣ್ಯಗಳದೇ ಒಂದು ಮೇಜು ನನ್ನದು, ಇದು ನಡುವಿನ ನಾಣ್ಯ. ಅಷ್ಟರೊಳಗೆ ವಾಪಸ್ ಬರಬೇಕು.

ಮಲ್ಲಪ್ಪ


ನೇಪರ್‌ವಿಲ್
ಡಿಸೆಂಬರ್ 20, 2025

ಮಾವನವರಿಗೆ,

ಸಿಯಾ ಗೆದ್ದು ಬಂದಳು. ಟೀಚರ್ ಭೂತಗನ್ನಡಿ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರಂತೆ. ಹದಿನೈದು, ಕಳೆದು ಆರು ಎಂದು ಇವಳು ಲೆಕ್ಚರ್ ಕೊಟ್ಟಳು. ಈಗ ಮನೆಯಲ್ಲಿ ಎಲ್ಲಕ್ಕೂ ಗ್ರೇಡ್. ನಾನು ಮಾಡಿದ ಚಪಾತಿಗೆ ಮೂವತ್ತು, ಸೀದದ್ದಕ್ಕೆ ಕಳೆದು ಎಂಟು.

ಮೈಸೂರಿನಿಂದ ನಮ್ಮಮ್ಮ ಬಂದಿದ್ದಾರೆ, ಬೇಸಿಗೆಯವರೆಗೆ ಇರುತ್ತಾರೆ. ಸುಮ್ಮನೆ ಕೂರುವ ಜೀವವಲ್ಲ. ಬಂದ ವಾರದಲ್ಲೇ ನನ್ನ ಅಡುಗೆಮನೆಯ ಡಬ್ಬಿಗಳೆಲ್ಲ ಫಳಫಳ ಎನ್ನುತ್ತಿವೆ, ಯಾವುದರಲ್ಲಿ ಏನಿದೆ ಎಂದು ನನಗೇ ಗೊತ್ತಿಲ್ಲ.

ನಾಣ್ಯ ಭದ್ರವಾಗಿದೆ. ಮನೆಯಲ್ಲಿ ಯಾರೂ ಕೈಹಾಕದ ಜಾಗವೆಂದರೆ ದೇವರ ಗೂಡು, ಅಲ್ಲಿಟ್ಟಿದ್ದೇನೆ. ವೀರೇಶ್ ಅವರಿಗೆ ಇನ್ನೂ ತೋರಿಸಿಲ್ಲ. ಸಮಯ ನೋಡಿ ತೋರಿಸುತ್ತೇನೆ.

ಲತಾಶ್ರೀ


ನಾರ್ತ್‌ವಿಲ್
ಜನವರಿ 4, 2026

ಲತಾ,

ಸಿಯಾ ಚಪಾತಿಗೆ ಕಳೆದದ್ದು ಜಾಸ್ತಿಯಾಯಿತು. ಒಂದು ಕಡೆ ಮಾತ್ರ ಸೀದಿದ್ದರೆ ಹನ್ನೆರಡಾದರೂ ಕೊಡಬೇಕು.

ನಡೆದದ್ದು ಅರ್ಧ ಮಾತ್ರ ಗೊತ್ತು ಎಂದು ನೀನು ಬರೆದಿದ್ದೆ. ಉಳಿದರ್ಧ ಹೇಳುತ್ತೇನೆ. ನಿನ್ನ ಅತ್ತೆ ನೀಲಗಂಗಾ ಹೋಗಿ ತಿಂಗಳಾಗಿತ್ತು. ನಾನು ಎರಡು ದಿನ ಊರಲ್ಲಿರಲಿಲ್ಲ. ವೀರೇಶ ಬಂದು ಮನೆಯನ್ನೆಲ್ಲ ತೊಳೆದಿಟ್ಟಿದ್ದ. ಅವಳ ಕೈಬರಹದ ಚೀಟಿ ಅಂಟಿಸಿದ್ದ ಮಸಾಲೆ ಡಬ್ಬಿಗಳು ಖಾಲಿ. ಕನ್ನಡಿಯ ಮೇಲೆ ಅವಳು ಅಂಟಿಸಿದ್ದ ಬಿಂದಿ ಇಲ್ಲ. ಕುರ್ಚಿಯ ಬೆನ್ನಿನ ಮೇಲೆ ಅವಳ ಶಾಲು ಇತ್ತು, ನಾನು ರಾತ್ರಿ ಅದನ್ನು ಮುಖಕ್ಕೆ ಹಿಡಿದು ಮಲಗುತ್ತಿದ್ದೆ. ಅದನ್ನೂ ಒಗೆದು ಮಡಚಿಟ್ಟಿದ್ದ. ಸೋಪಿನ ವಾಸನೆ. “ಮನಿ ಎಷ್ಟ್ ಕ್ಲೀನ್ ಆಗೇತಿ ನೋಡ್ರಿ ಅಪ್ಪಾ” ಎಂದ. ನಾನು ಬಾಗಿಲು ತೋರಿಸಿದೆ.

ಆನ್ ಆರ್ಬರಿನಿಂದ ಚಿಕಾಗೋಗೆ ರೈಲಿದೆ. ಅಷ್ಟು ದೂರ ಡ್ರೈವ್ ಮಾಡುವ ಧೈರ್ಯ ಈಗಿಲ್ಲ. ಏಪ್ರಿಲಿನಲ್ಲಿ ಬರಬೇಕೆಂಬ ಆಸೆ ಇದೆ. ಆದರೆ ನೀನು ಕರೆದರೆ ಸಾಲದು. ಆ ನಾಣ್ಯವನ್ನು ಅವನಿಗೆ ತೋರಿಸು. ಅವನ ಬಾಯಿಂದ ‘ಬರ್ರಿ’ ಎಂದು ಬಂದರೆ ಟಿಕೆಟ್ ತೆಗೆಯುತ್ತೇನೆ. ಬರದಿದ್ದರೆ ಈ ವಯಸ್ಸಿನಲ್ಲಿ ಇನ್ನೊಂದು ಸಲ ಕೇಳುವುದಿಲ್ಲ.

ಮಲ್ಲಪ್ಪ


ನೇಪರ್‌ವಿಲ್
ಫೆಬ್ರವರಿ 2, 2026

ಮಾವನವರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಸಿಯಾಳಿಗೆ ಜ್ವರ ಬಂದಿತ್ತು, ಈಗ ವಾಸಿ. ಇಲ್ಲಿ ಶೂನ್ಯಕ್ಕಿಂತ ಕೆಳಗೆ ಹೋಗಿ ಸ್ಕೂಲಿಗೆ ರಜೆ ಕೊಟ್ಟಿದ್ದರು. ಆಫೀಸಿನಲ್ಲೂ ಕೆಲಸ ಜಾಸ್ತಿ.

ಶಾಲಿನ ವಿಷಯ ಓದಿದೆ.

ನಾಣ್ಯವನ್ನು ಸಿಯಾಳ ಟೀಚರ್ ಇನ್ನೊಂದು ಕ್ಲಾಸಿಗೆ ತೋರಿಸಬೇಕೆಂದು ಇಟ್ಟುಕೊಂಡಿದ್ದಾರೆ. ಬಂದ ಕೂಡಲೇ ಕಳಿಸುತ್ತೇನೆ. ಹಾಗಾಗಿ ವೀರೇಶ್ ಅವರಿಗೆ ತೋರಿಸಲು ಇನ್ನೂ ಆಗಿಲ್ಲ.

ಲತಾಶ್ರೀ


ನಾರ್ತ್‌ವಿಲ್
ಫೆಬ್ರವರಿ 14, 2026

ಲತಾ,

ನಿನ್ನ ಕಾಗದದಲ್ಲಿ ಈ ಸಲ ಒಂದೂ ತಮಾಷೆ ಇಲ್ಲ. ಅದೇ ನನಗೆ ಸರಿಬರಲಿಲ್ಲ.

ಟೀಚರ್ ಹತ್ತಿರ ಇದ್ದರೆ ನಾಳೆಯೇ ಹೋಗಿ ತೆಗೆದುಕೊಂಡು ಬಾ. ಕಳೆದುಹೋಗಿದ್ದರೆ ಕಳೆದುಹೋಗಿದೆ ಎಂದು ಬರೆ. ನಾಣ್ಯ ಕಳೆದುಕೊಂಡವರನ್ನು ನಾನು ತಿನ್ನುವುದಿಲ್ಲ. ಸುತ್ತಿಬಳಸಿ ಮಾತಾಡುವುದು ಬೇಡ.

ಮಲ್ಲಪ್ಪ


ನೇಪರ್‌ವಿಲ್
ಫೆಬ್ರವರಿ 23, 2026

ಮಾವನವರಿಗೆ,

ನಾಣ್ಯವನ್ನು ಇವತ್ತು ರಿಜಿಸ್ಟರ್ಡ್ ಮಾಡಿ ಕಳಿಸಿದ್ದೇನೆ. ಸಿಯಾಳ ಕಡೆಯಿಂದ ಥ್ಯಾಂಕ್ಸ್. ನಿಮ್ಮ ಕೂಟ ಚೆನ್ನಾಗಿ ನಡೆಯಲಿ.

ಲತಾಶ್ರೀ


ನಾರ್ತ್‌ವಿಲ್
ಫೆಬ್ರವರಿ 27, 2026

ಲತಾಶ್ರೀ,

ಲಕೋಟೆ ಬಿಚ್ಚಿದ ಕೂಡಲೇ ಮೊಟ್ಟೆಯ ವಾಸನೆ. ಆಮೇಲೆ ದೀಪದ ಕೆಳಗೆ ಹಿಡಿದೆ.

ಇನ್ನೂರು ವರ್ಷದ ಕಂದು ಹೇಗಿರುತ್ತದೆ ಗೊತ್ತೇ? ಕೈ ಸೋಕುವ ಎತ್ತರದಲ್ಲಿ ತೆಳು, ತಗ್ಗಿನಲ್ಲಿ ದಟ್ಟ. ಇದು ಎಲ್ಲ ಕಡೆ ಒಂದೇ ಸಮ, ಮಸಿ ಬಳಿದ ಹಾಗೆ. ಅದರಡಿಯಲ್ಲಿ ಸಣ್ಣ ಸಣ್ಣ ಗೀರು, ಎಲ್ಲವೂ ಸುತ್ತು ಸುತ್ತಾಗಿ. ಉಪ್ಪು ಹಾಕಿ ಉಜ್ಜಿದರೆ ಹಾಗಾಗುತ್ತದೆ. ಭೂತಗನ್ನಡಿಯಲ್ಲಿ ತೂತಿನೊಳಗೆ ನೋಡಿದೆ, ಹುಣಸೆಹಣ್ಣಿನ ನಾರು ಸಿಕ್ಕಿಕೊಂಡಿದೆ.

ಉಜ್ಜಿದ್ದು ಬೇರೆ, ಬಣ್ಣ ಕಟ್ಟಿದ್ದು ಬೇರೆ. ಸಿಯಾ ಉಜ್ಜಿದ್ದರೆ ಹೇಳು, ಅವಳು ಮಗು, ನಕ್ಕುಬಿಡುತ್ತೇನೆ. ಬಣ್ಣವನ್ನು ಮಗು ಕಟ್ಟಿಲ್ಲ. ನನ್ನ ಕಣ್ಣಿಗೆ ಮಣ್ಣೆರಚಬಹುದು ಎಂದು ಎಣಿಸಿದವರು ಯಾರು? ನೀನೋ? ನನ್ನ ಮಗನೋ? ಮುದುಕನಿಗೆ ಕಿವಿ ಕೇಳಿಸುವುದಿಲ್ಲ, ಕಣ್ಣೂ ಹೋಗಿರುತ್ತದೆ ಎಂದುಕೊಂಡಿರಾ?

ಅವಳ ಕೈಯಿಂದ ಬಂದದ್ದೆಂದು ಉಳಿದಿದ್ದದ್ದು ಇದೊಂದು. ಹದಿನಾಲ್ಕಕ್ಕೆ ಇದನ್ನು ಮೇಜಿನ ಮೇಲೆ ಇಡಲಾರೆ. ಏಪ್ರಿಲಿನ ಮಾತನ್ನೂ ಮರೆತುಬಿಡು.

ಮಲ್ಲಪ್ಪ


ನೇಪರ್‌ವಿಲ್
ಮಾರ್ಚ್ 5, 2026

ಮಾವನವರಿಗೆ,

ಬಣ್ಣ ಕಟ್ಟಿದವಳು ನಾನು. ಟೀಚರ್ ಹತ್ತಿರ ಇದೆ ಎಂದದ್ದೂ ಸುಳ್ಳು. ಮಿಕ್ಕದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಸಂಕ್ರಾಂತಿಯ ಬೆಳಿಗ್ಗೆ ಅಮ್ಮ ದೇವರ ಸಾಮಾನು ಇಳಿಸಿದರು. ದೀಪ, ಗಂಟೆ, ಪಂಚಪಾತ್ರೆ, ಎಲ್ಲಕ್ಕೂ ಹುಣಸೆಹಣ್ಣು, ಉಪ್ಪು. ನಾನು ಸ್ನಾನ ಮುಗಿಸಿ ಬಂದಾಗ ನಿಮ್ಮ ನಾಣ್ಯ ಕಲಶದ ಪಕ್ಕ ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. “ಪಾಪ, ಹರಕೆ ಕಾಸು ಕಣೇ, ಎಷ್ಟು ಕಪ್ಪಾಗಿ ಹೋಗಿತ್ತು! ದೇವರ ಮುಂದೆ ಹಾಗೆ ಇಡ್ತಾರಾ?” ಎಂದರು. ಅದಕ್ಕೆ ಕುಂಕುಮ ಬೇರೆ ಹಚ್ಚಿದ್ದರು. ದೇವರ ಗೂಡಿನಲ್ಲಿ ಯಾರೂ ಕೈಹಾಕುವುದಿಲ್ಲ ಎಂದು ನಾನೇ ಎಣಿಸಿದ್ದೆ. ಹಬ್ಬದ ದಿನ ಮೊದಲು ಕೈ ಹೋಗುವುದೇ ಅಲ್ಲಿಗೆ ಎಂದು ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲವಲ್ಲ.

ಅಮ್ಮನಿಗೆ ನಾನು ಏನೂ ಹೇಳಲಿಲ್ಲ. ನಿಮಗೂ ಹೇಳಲಿಲ್ಲ. ಅಷ್ಟರಲ್ಲಿ ನಿಮ್ಮ ಕಾಗದ ಬಂದಿತ್ತು, ವೀರೇಶ್ ಕರೆದರೆ ಬರುತ್ತೇನೆಂದು ಬರೆದಿದ್ದಿರಿ. ಶಾಲಿನ ಕಥೆಯೂ ಅದರಲ್ಲೇ ಇತ್ತು. ಅದನ್ನು ಓದಿದ ಮೇಲೆ ‘ನಾಣ್ಯವನ್ನೂ ತೊಳೆದುಬಿಟ್ಟರು’ ಎಂದು ಯಾವ ಬಾಯಲ್ಲಿ ಬರೆಯಲಿ? ನಿಮ್ಮನ್ನು ಇಲ್ಲಿಗೆ ಕರೆಸುವ ದಾರಿ ನನ್ನ ಕೈಯಾರೆ ಮುಚ್ಚುತ್ತದೆ ಎಂದು ಹೆದರಿದೆ.

ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿಟ್ಟರೆ ತಾಮ್ರ ಕಪ್ಪಾಗುತ್ತದೆ ಎಂದು ವಿಡಿಯೋದಲ್ಲಿ ನೋಡಿದೆ. ನಮ್ಮ ಮನೆಗೆ ಮೊಟ್ಟೆ ಬಂದದ್ದು ಅದೇ ಮೊದಲು. ಕಾರಿನ ಡಿಕ್ಕಿಯಲ್ಲಿ ಕಳ್ಳಮಾಲಿನ ಹಾಗೆ ತಂದು, ಗರಾಜಿನ ಚಳಿಯಲ್ಲಿ ಕ್ಯಾಂಪಿಂಗ್ ಒಲೆ ಹಚ್ಚಿ ಬೇಯಿಸಿದೆ.

ಪೋಸ್ಟ್ ಮಾಡಿದ ಸಂಜೆ ವೀರೇಶ್ ಗರಾಜಿಗೆ ಹೋಗಿ ಮೂಗು ಮುಚ್ಚಿಕೊಂಡು ಬಂದರು. “ಏನ್ ವಾಸ್ನಿ ಇದು ಲತಾ?” ಎಂದರು. ಎಲ್ಲವನ್ನೂ ಹೇಳಿದೆ. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ. ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. “ಇದು ಅವ್ವನ್ ತೂತಿನ ಸೆಂಟ್. ಸಣ್ಣಾಂವ ಇದ್ದಾಗ ಇದರಾಗ ಕಣ್ಣಿಟ್ಟು ಅವ್ವನ್ ನೋಡ್ತಿದ್ದೆ” ಎಂದರು. ಆಮೇಲೆ, “ಕಳಿಸಿಬಿಟ್ಟಿ? ಅಪ್ಪ ನೋಡಿದ ಕೂಡ್ಲೇ ಹಿಡೀತಾರ. ಮೊದ್ಲ ಹೇಳಬೇಕಾಗಿತ್ತು. ನಿಮ್ಮವ್ವಂದೂ ನಂದೂ ಒಂದಽ ಕೇಸ್ ಆತು ನೋಡು. ನಾ ಶಾಲು ಒಗದಂಗ” ಎಂದು ಮೆಟ್ಟಿಲ ಮೇಲೆ ಕೂತರು. ಎರಡು ವರ್ಷದಲ್ಲಿ ಆ ಶಾಲಿನ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ‘ಬರ್ರಿ’ ಎಂದು ಮಾತ್ರ ಹೇಳಲಿಲ್ಲ. “ನನ್ನ ಮಾರಿ ನೋಡ್ಲಿಕ್ಕೆ ಅವರಿಗೆ ಮನಸಿಲ್ಲ” ಎಂದರು.

ಮಾವ, ನನ್ನನ್ನು ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಸಿಟ್ಟಿನಲ್ಲಿ ಒಂದು ಕೇಳುತ್ತೇನೆ, ನನಗೂ ಸಿಟ್ಟಿದೆ. ಮಗು ಉಜ್ಜಿದ್ದರೆ ನಕ್ಕುಬಿಡುತ್ತೇನೆ ಎಂದು ಬರೆದಿದ್ದೀರಿ. ನಿಮ್ಮ ಮಗ ಶಾಲು ಒಗೆದಾಗ ಯಾಕೆ ನಗಲಿಲ್ಲ? ಅವರಿಗೂ ಆಗತಾನೇ ತಾಯಿ ಹೋಗಿದ್ದರು.

ಲತಾಶ್ರೀ


ನಾರ್ತ್‌ವಿಲ್
ಮಾರ್ಚ್ 17, 2026

ವೀರೇಶ,

ನಿನಗೆ ಕನ್ನಡ ಓದಲು ಬರುವುದಿಲ್ಲ. ಲತಾ ಓದಿ ಹೇಳುತ್ತಾಳೆ, ಸುಮ್ಮನೆ ಕೂತು ಕೇಳು. ಇಂಗ್ಲಿಷಿನಲ್ಲಿ ಬರೆದರೆ ಆಫೀಸಿನ ಮೆಮೋ ಆಗುತ್ತದೆ.

ಲತಾ, ಮೊದಲು ನಿನಗೆರಡು ಮಾತು. ನಿನ್ನ ಮೇಲಿನ ಸಿಟ್ಟು ಇನ್ನೂ ಇದೆ. ಉಜ್ಜಿದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ನೀನು ಕೊನೆಗೆ ಆ ಪ್ರಶ್ನೆ ಕೇಳಿದೆಯಲ್ಲ, ಅದಕ್ಕೂ ಸಿಟ್ಟು. ಬೀಗರಿಗೆ ಮಾತ್ರ ಏನೂ ಹೇಳಬೇಡ. ಹರಕೆ ಕಾಸು ಹೊಳೆಯುತ್ತಿದೆ ಎಂದೇ ಅವರು ತಿಳಿದಿರಲಿ.

ವೀರೇಶ, ಹದಿನಾಲ್ಕರ ಶನಿವಾರ ಲಿವೋನಿಯಾಕ್ಕೆ ಹೋದೆ. ಆ ನಾಣ್ಯವನ್ನು ಮನೆಯಲ್ಲೇ ಬಿಟ್ಟು ಹೊರಟಿದ್ದೆ, ಬಾಗಿಲವರೆಗೆ ಹೋಗಿ ವಾಪಸ್ ಬಂದು ಜೇಬಿಗೆ ಹಾಕಿಕೊಂಡೆ. ಮೇಜಿನ ನಡುವೆ ಇಟ್ಟು ಮುಂದೆ ಕಾರ್ಡ್ ಬರೆದೆ. ಅಚ್ಚಿಗೆ ಹದಿನೈದು. ತೂತು, ಚಾಕುವಿನ ಗೀರು. ಹುಣಸೆಹಣ್ಣಿನಿಂದ ಉಜ್ಜಿದ್ದು, ಮೊಟ್ಟೆಯಿಂದ ಬಣ್ಣ ಕಟ್ಟಿದ್ದು. ಕಳೆದು ಉಳಿದದ್ದು ಎರಡು.

ಅಲ್ಲಿಗೆ ಬರುವವರು ಎಂಥವರು ಗೊತ್ತಲ್ಲ, ಒಂದು ಗೀರಿಗೆ ಅರ್ಧ ಗಂಟೆ ಜಗಳ ಆಡುವವರು. ಕಾರ್ಡ್ ಓದಿದರು, ತಲೆ ಅಲ್ಲಾಡಿಸಿದರು. ಗ್ರ್ಯಾಂಡ್ ರ‍್ಯಾಪಿಡ್ಸಿನ ಒಬ್ಬ ಮುದುಕ ಭೂತಗನ್ನಡಿ ಇಳಿಸಿ, ಯಾರು ಮಾಡಿದ್ದು ಇದನ್ನು ಎಂದು ನನ್ನ ಕಿವಿಯ ಹತ್ತಿರ ಬಂದು ಕೂಗಿದ. ಇಡೀ ಹಾಲ್ ತಿರುಗಿ ನೋಡಿತು. ನನ್ನ ಬಾಯಿಂದ ಬಂದದ್ದು, “ಮೈ ಫ್ಯಾಮಿಲಿ.” ಅಷ್ಟು ಹೇಳಿ ಕುರ್ಚಿ ಎಳೆದು ಕೂತೆ. ನನಗೂ ಒಂದು ಫ್ಯಾಮಿಲಿ ಇದೆ ಎಂದು ಯಾರ ಮುಂದೆಯಾದರೂ ಹೇಳಿ ಬಹಳ ಕಾಲವಾಗಿತ್ತು.

ಮನೆಗೆ ಬಂದು ಕಪಾಟು ತೆಗೆದೆ. ನೀನು ಮಡಚಿಟ್ಟ ಶಾಲು ಹಾಗೇ ಇದೆ. ಅವತ್ತು ಬಚ್ಚಲಲ್ಲಿ ಬಕೆಟ್ ಇತ್ತು, ನೆಲ ಒದ್ದೆ ಇತ್ತು. ಉಣ್ಣೆ ಮುದುಡಬಾರದೆಂದು ಮಶೀನಿಗೆ ಹಾಕದೆ ನೀನು ಕೈಯಲ್ಲಿ ಒಗೆದಿದ್ದೆ. ನಾನು ಅದನ್ನು ಅವತ್ತೇ ನೋಡಿದ್ದೆ. ನೋಡಿಯೂ ಹೊರಗೆ ಹೋಗು ಎಂದೆ. ಗಾಯಕ್ಕೆ ಕಳೆಯುವ ಭರದಲ್ಲಿ, ಏನಿತ್ತು ಎಂಬ ಮೊದಲನೇ ಅಂಕವನ್ನು ಬರೆಯಲೇ ಇಲ್ಲ.

ನೀನು ಕರೆಯಬೇಕು ಎಂದು ಹಟ ಹಿಡಿದಿದ್ದೆ. ನಿನ್ನ ಮುಖ ನೋಡಲು ನನಗೆ ಮನಸ್ಸಿಲ್ಲ ಎಂದೆಯಂತೆ. ಇದೆ. ಈಗ ನಾನೇ ಕೇಳುತ್ತೇನೆ. ಏಪ್ರಿಲಿನಲ್ಲಿ ಬರಲೇ? ಆ ಶಾಲು ಹೊದ್ದುಕೊಂಡು ಬರುತ್ತೇನೆ. ರೈಲಿನಲ್ಲಿ ಚಳಿ ಇರುತ್ತದೆ.

ನಿನ್ನ
ಅಪ್ಪ


ನೇಪರ್‌ವಿಲ್
ಮಾರ್ಚ್ 22, 2026

ಮಾವ,

ನಿನ್ನೆ ಓದಿ ಹೇಳಿದೆ. ಎರಡನೇ ಸಲ ಓದು ಎಂದರು, ಮೂರನೇ ಸಲ ಅರ್ಧದಲ್ಲಿ ಎದ್ದು ಗರಾಜಿಗೆ ಹೋದರು. ವಾಪಸ್ ಬಂದು, ‘ಬರಕೋ’ ಎಂದರು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಕೆಳಗೆ ಬರೆದಿದ್ದೇನೆ.

“ಅಪ್ಪಾ, ಟ್ರೇನ್ ಬುಕ್ ಮಾಡಬ್ಯಾಡ್ರಿ. ಏಪ್ರಿಲ್ ತನಕ ಯಾಕ? ಈ ಶನಿವಾರ ನಾನಽ ಡ್ರೈವ್ ಮಾಡ್ಕೊಂಡು ಬರ್ತೀನಿ, ಕರಕೊಂಡು ಬರಾಕ. ಸಿಯಾನೂ ಬರ್ತಾಳ. ಮನಿ ಕ್ಲೀನ್ ಮಾಡಬ್ಯಾಡ್ರಿ. ಹೆಂಗ ಐತಿ ಹಂಗ ಇರ್ಲಿ.”

ಲತಾಶ್ರೀ